ಬಣ್ಣದ ಕಾಲಂ

ಮಾಜಾಳಿ ಗೇಟಿನಲ್ಲಿ ಇಪ್ಪತ್ತಾರು ವರ್ಷ
ಡಿಕ್ಕಿ ತೆಗೆಸಿ, ಸೀಟು ಎತ್ತಿಸಿ,
ಮಲಗಿದ ಕೂಸಿನ ಹಾಸಿಗೆಯಡಿಗೂ ಕೈ ಹಾಕಿ
ಹಿಡಿದ ಬಾಟಲಿಗಳನ್ನು ಪಂಚನಾಮೆಗೆ ಇಳಿಸಿದವನು ನಾನು.
ಬಣ್ಣದ ಕಾಲಮ್ಮಿನಲ್ಲಿ ವಿಸ್ಕಿಗೆ ಕಂದು, ಫೆನಿಗೆ ನೀರಿನಂತೆ,
ಇದಕ್ಕೆ ಮಾತ್ರ, ನೋಡದೆಯೇ, ಬಿಳಿ.
ಚೀಟಿಯಲ್ಲಿ ಹಾಗಿತ್ತು.

ಕೋರ್ಟಿನ ಹುಕುಂ ಬಂದ ದಿನ
ಗಾಳಿಮರಗಳ ಹಿಂದಿನ ಗುಂಡಿಯಲ್ಲಿ
ಸಲಾಕೆ ಹಿಡಿದು ಒಡೆಯುತ್ತಿದ್ದೆವು.
ಮರಳು ಕುಡಿಯುತ್ತಿತ್ತು, ಲೆಕ್ಕವಿಲ್ಲದೆ, ತಕರಾರಿಲ್ಲದೆ.
ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ.

ಈಗ ಕೋಡಿಬಾಗ, ಇನಾಸನ ಹಿತ್ತಿಲು.
ಹಡಗುಗಳ ಊಟದ ಮನೆಯಲ್ಲಿ ಆಯುಷ್ಯ ಸವೆಸಿ ಬಂದವನು,
ಬಿಳಿ ಕೈಗವಸು ಇನ್ನೂ ಇದೆ ಬೀರುವಿನಲ್ಲಿ.
"ಶಾರ್ಡನೇ" ಅಂದ,
ಹೊಸ ಸೊಸೆಯನ್ನು ಕರೆದ ಹಾಗೆ, ಕೊನೆಗೆ ಮೆತ್ತಗೆ.
ರಶೀದಿ ಇದೆಯಾ ಎಂದೆ, ಬಾಯಿತಪ್ಪಿ.
ಇತ್ತು. ತೋರಿಸಿದ.
ಐಸ್ ಕೇಳಿದೆ.
"ಚಳಿ ಹಿಡಿದರೆ ಇದು ಬಾಯಿ ಬಿಡೋದಿಲ್ಲ ಮಾರಾಯ,
ನೀನು ಹಿಡಿದ ಕಳ್ಳರ ಹಾಗೆ.
ತುಸು ಬೆಚ್ಚಗಾಗಲಿ. ತಾನೇ ಹೇಳುತ್ತದೆ."

ಬಿಳಿಯಲ್ಲ.
ಕಾಳಿ ಕಡಲು ಸೇರುವಲ್ಲಿ, ಸಂಜೆ ಐದೂವರೆಗೆ,
ಇಳಿತದ ನೀರು ಮರಳದಿಬ್ಬದ ಮೇಲೆ ತೆಳ್ಳಗೆ ನಿಂತಾಗ...
ಅಲ್ಲ, ಅದೂ ಅಲ್ಲ.
ಒಣಹುಲ್ಲು ನೆನೆಸಿಟ್ಟ ನೀರು.
ಹಳೆಯ ರಿಜಿಸ್ಟರಿನ ಅಂಚು.

ಮೊದಲು ಅಂಕೋಲೆಯ ಇಶಾಡಿನ ತೊಟ್ಟಿನ ಬಳಿಯ ವಾಸನೆ,
ಹಣ್ಣಲ್ಲ, ಹಣ್ಣಾಗಲು ಮನಸ್ಸು ಮಾಡಿದ್ದು.
ಆಮೇಲೆ ಬೆಣ್ಣೆ.
ದ್ರಾಕ್ಷಿಗೆ ಎಲ್ಲಿಂದ ಬಂತು ಬೆಣ್ಣೆ?
ಕಾಯಿಸುವಾಗ ಚಿಟಪಿಟ ನಿಂತು
ಒಂದು ಗಳಿಗೆ ಬಾಣಲೆ ಸುಮ್ಮನಾಗುತ್ತದಲ್ಲ, ಅದು.
ನುಂಗಿದ ಮೇಲೆ ಸುಟ್ಟ ಗೇರುಬೀಜ,
ನಾಲಗೆಯ ಬದಿಗೆ ನಿಂಬೆಯ ಉಗುರು.

ಬೈತಖೋಲದ ಪುರ್ಸು ಮೇಸ್ತ ಕುಡಿಯುವವನಲ್ಲ.
ಗ್ಲಾಸು ಇಸಕೊಂಡು ಮೂಗು ಮಾತ್ರ ಇಳಿಸಿದ,
ಹಲಗೆಯ ಬಿರುಕು ನೋಡುವಾಗಿನಂತೆ ಒಂದು ಕಣ್ಣು ಮುಚ್ಚಿ.
"ಯಾವ ಮರ?"
ಓಕ್, ಎಂದ ಇನಾಸ. ಪೀಪಾಯಿಯಲ್ಲಿ ಹನ್ನೊಂದು ತಿಂಗಳು.
"ಆ ಮರ ನನಗೆ ಗೊತ್ತಿಲ್ಲ. ಮತ್ತಿ ಗೊತ್ತು, ಹೆಬ್ಬಲಸು, ಹೊನ್ನೆ ಗೊತ್ತು.
ಆದರೆ ಇದನ್ನು ಬೆಂಕಿಯ ಮೇಲೆ ಬಗ್ಗಿಸಿದ್ದಾರೆ.
ಅವಸರ ಮಾಡಿಲ್ಲ.
ಒಳಮೈ ಕೆಂಪಾಗಬೇಕು, ಕರಿಯಾಗಬಾರದು.
ನೀರು ಚಿಮುಕಿಸುತ್ತ ಪಕ್ಕದಲ್ಲೊಬ್ಬ ಹುಡುಗ ನಿಂತಿದ್ದಾನೆ,
ಅಪ್ಪ ದೋಣಿಯ ಪಕ್ಕೆ ಬಗ್ಗಿಸುವ ದಿನ
ನಾನು ನಿಲ್ಲುತ್ತಿದ್ದ ಹಾಗೆ."
ಗ್ಲಾಸು ವಾಪಸು ಕೊಡಲಿಲ್ಲ ತುಂಬ ಹೊತ್ತು.
ಅವನ ಶೆಡ್ಡಿನಲ್ಲೀಗ ಫೈಬರಿನ ವಾಸನೆ, ತಲೆನೋವಿನ ವಾಸನೆ.
"ನಾವು ನೀರು ಒಳಗೆ ಬರದ ಹಾಗೆ ಮಾಡುತ್ತೇವೆ,
ಅವರು ಹೊರಗೆ ಹೋಗದ ಹಾಗೆ" ಅಂದ.
"ಕೆಲಸ ಒಂದೇ."

ಎರ್ಮಿನ್‌ಬಾಯಿ ನೊಗ್ಲಿ ಹುರಿದು ತಂದಳು,
ಗಂಡನ ಅಪ್ಪಣೆಯಂತೆ ಖಾರವಿಲ್ಲ, ಉಪ್ಪು ರವೆ ಅಷ್ಟೇ,
"ರೋಗಿಯ ಊಟ" ಎಂದು ಬೈಯುತ್ತ.
ಎರಡನೆಯ ಗುಟುಕಿಗೆ ಮೀನು ಸಿಹಿಯಾಯಿತು. ಅಥವಾ ವೈನು.
ಅವಳೂ ನಿಂತೇ ಒಂದು ಗುಟುಕು ಕುಡಿದು
"ಕೊಬ್ಬರಿ" ಅಂದಳು, ಒಳಗೆ ಹೋದಳು.
ಅವಳು ಹೇಳಿದ ಮೇಲೆ ಕೊಬ್ಬರಿಯೇ. ಬೇರೇನೂ ಸಿಗಲಿಲ್ಲ ನನಗೆ.

ಲೆಕ್ಕ ಹಾಕಬಾರದು ಎಂದುಕೊಂಡೆ. ಹಾಕಿದೆ.
ಗಾಳಿಮರದ ಬುಡದಲ್ಲಿ ಎಷ್ಟು ಕಾಡು, ಎಷ್ಟು ಕೆಂಡ,
ನೀರು ಚಿಮುಕಿಸುತ್ತ ನಿಂತ ಎಷ್ಟು ಹುಡುಗರು.
ಕಾನೂನು ಕಾನೂನೇ. ನಾನು ತಪ್ಪು ಮಾಡಿಲ್ಲ.
ಆದರೆ ಮೂಗು ಕಟ್ಟಿಕೊಳ್ಳಬೇಕಿರಲಿಲ್ಲ.

ಕತ್ತಲಾಯಿತು. ಸದಾಶಿವಗಡದ ಕಡೆ ಲಾರಿಗಳು
ಸೇತುವೆ ಹತ್ತುವ ಸದ್ದು.
ಯಾವುದರಲ್ಲಿ ಏನಿದೆಯೋ, ನನಗೀಗ ಸಂಬಂಧವಿಲ್ಲ.
ಖಾಲಿ ಗ್ಲಾಸಿನಲ್ಲಿ ಮರ ಮಾತ್ರ ಉಳಿದಿತ್ತು.
ಏಳುವ ಮೊದಲು ಪುರ್ಸು
ಬಾಟಲಿಯ ಬೂಚು ಹುಡುಕಿ ಜೇಬಿಗೆ ಹಾಕಿಕೊಂಡ.
ದತ್ತಾ ತಾಂಡೇಲನ ಪಾತಿಯಲ್ಲಿ
ಅದೇ ಅಳತೆಯದೊಂದು ತೂತಿದೆಯಂತೆ.